ಹಳೆಯ ಡಿಸ್ಕಿಗೆ ಮತ್ತೆ ಹಣ ಏಕೆ?

ಮಾನ್ಯ ಸಂಪಾದಕರೆ,

ಸೆಕೆಂಡ್ ಹ್ಯಾಂಡ್ ವಿಡಿಯೊ ಗೇಮ್ ಕೊಂಡವರಿಂದ ಆನ್‌ಲೈನ್ ಆಟಕ್ಕೆ ಪ್ರತ್ಯೇಕ ಹಣ ವಸೂಲು ಮಾಡುವ ಕುರಿತು ಕಳೆದ ವಾರ ಪ್ರಕಟವಾದ ವರದಿಯಲ್ಲಿ ಕಂಪನಿಗಳ ವಾದಕ್ಕೆ ಸಾಕಷ್ಟು ಜಾಗ ದೊರೆತಿದೆ. ಹಣ ಕಳೆದುಕೊಂಡವರ ಮಾತಿಗೂ ಸ್ವಲ್ಪ ಜಾಗ ಕೊಡಬೇಕೆಂದು ಕೋರುತ್ತೇನೆ.

ಚೌತಿಯ ರಜೆಗೆಂದು ಮಡಗಾಂವದ ಅಂಗಡಿಯೊಂದರಿಂದ 900 ರೂಪಾಯಿಗೆ ಹಳೆಯ ಗೇಮ್ ಡಿಸ್ಕ್ ತಂದೆ. ಶಿರಸಿಯಲ್ಲಿರುವ ಅಣ್ಣನ ಮಗನೊಂದಿಗೆ ಆನ್‌ಲೈನಿನಲ್ಲಿ ಆಡಬೇಕೆಂಬುದೇ ನನ್ನ ಮಗನ ಆಸೆಯಾಗಿತ್ತು. ಮಳೆಯಿಂದ ಪದೇ ಪದೇ ಕರೆಂಟು ಹೋಗುತ್ತಿದ್ದ ನಮ್ಮ ಕೋಡಿಬಾಗದಲ್ಲಿ ಇಡೀ ರಾತ್ರಿ ಅಪ್‌ಡೇಟ್ ಇಳಿಸಿಕೊಂಡ ಮೇಲೆ ಪರದೆಯ ಮೇಲೆ ಕಂಡದ್ದು, ಕೋಡ್ ಹಾಕಿ ಇಲ್ಲವೇ ಹಣ ಕಟ್ಟಿ ಎಂಬ ಸೂಚನೆ. ಪೆಟ್ಟಿಗೆಯೊಳಗಿನ ಚೀಟಿಯ ಕೋಡ್ ಒಂದೇ ಸಲ ನಡೆಯುವಂಥದ್ದು. ಅದನ್ನು ಮೊದಲಿನವರು ಬಳಸಿಯಾಗಿತ್ತು. ಹಣ ಕಟ್ಟೋಣವೆಂದರೆ ಕ್ರೆಡಿಟ್ ಕಾರ್ಡೇ ಬೇಕು, ಅದು ನನ್ನಲ್ಲಿಲ್ಲ. ಮತ್ತೆ ರೈಲು ಹತ್ತಿ ಹೋದರೆ, ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲವೆಂದು ಅಂಗಡಿಯವರು ಕೈಚೆಲ್ಲಿದರು.

2010ರಲ್ಲಿ ಅಮೆರಿಕದ ಗೇಮ್ ಕಂಪನಿ ಎಲೆಕ್ಟ್ರಾನಿಕ್ ಆರ್ಟ್ಸ್ ತನ್ನ ಕ್ರೀಡಾ ಗೇಮ್‌ಗಳಿಗೆ 10 ಡಾಲರಿನ ಆನ್‌ಲೈನ್ ಪಾಸ್ ತಂದಿತು; ಹೊಸ ಡಿಸ್ಕಿನೊಂದಿಗೆ ಬರುವ ಇಂಥ ಕೋಡನ್ನು ಹಳೆಯ ಡಿಸ್ಕ್ ಕೊಂಡವರು ಹಣ ಕೊಟ್ಟು ಪಡೆಯಬೇಕು. ಮರುವರ್ಷ ಯೂಬಿಸಾಫ್ಟ್ ಮತ್ತು ಸೋನಿ ಸಹ ಅದೇ ದಾರಿ ಹಿಡಿದವು. ಆಟಗಾರರನ್ನು ಜೋಡಿಸುವ ಸರ್ವರ್ ಕಂಪ್ಯೂಟರುಗಳನ್ನು ನಡೆಸಲು ಖರ್ಚಿದೆ, ಹಳೆಯ ಡಿಸ್ಕಿನ ಮಾರಾಟದಿಂದ ತಮಗೆ ಒಂದು ಪೈಸೆಯೂ ಬರುವುದಿಲ್ಲ ಎನ್ನುವುದು ಅವರ ವಾದ. ಆದರೆ ಡಿಸ್ಕ್ ಮಾರಿದವನು ಆಟದಿಂದ ಎದ್ದುಹೋಗಿ ಅವನ ಜಾಗದಲ್ಲಿ ನನ್ನ ಮಗ ಕೂತಿದ್ದಾನೆಯೇ ಹೊರತು, ಸರ್ವರಿನ ಮೇಲೆ ಇನ್ನೊಬ್ಬನ ಭಾರ ಹೆಚ್ಚಾಗಿಲ್ಲ. ಆ ಒಂದು ಜಾಗದ ಬೆಲೆಯನ್ನು ಮೊದಲ ಮಾರಾಟದಲ್ಲಿಯೇ ಪಡೆದಾಗಿದೆ. ಬೈತಖೋಲದಲ್ಲಿ ಹಳೆಯ ದೋಣಿ ಕೊಂಡವನನ್ನು, ಸಮುದ್ರಕ್ಕಿಳಿಯುವ ಮೊದಲು ನನಗೆ ದುಡ್ಡು ಕೊಡು ಎಂದು ದೋಣಿ ಕಟ್ಟಿದವನು ತಡೆದರೆ ಊರು ಸುಮ್ಮನಿರುತ್ತದೆಯೇ? ಒಮ್ಮೆ ಮಾರಿದ ಸಾಫ್ಟ್‌ವೇರ್ ಪ್ರತಿಯ ಮರುಮಾರಾಟವನ್ನು ತಯಾರಕರು ತಡೆಯುವಂತಿಲ್ಲವೆಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2012ರ ಜುಲೈ 3ರಂದು ತೀರ್ಪು ನೀಡಿದೆ. ನಮ್ಮಲ್ಲಿ ಈ ಪ್ರಶ್ನೆಯನ್ನು ಎತ್ತುವವರೇ ಇಲ್ಲ.

ದೂರು ಕೊಡಲು ಹೋದ ಕಚೇರಿಯಲ್ಲಿ ಮಕ್ಕಳಾಟಕ್ಕೆಲ್ಲ ಅರ್ಜಿಯೇ ಎಂದು ಕೇಳಿದರು. ಎರಡು ವರ್ಷದ ಹಿಂದೆ ಗ್ಯಾಸ್ ಸಿಲಿಂಡರ್ ತೂಕದಲ್ಲಿ ಕಡಿಮೆ ಬಂದಾಗಲೂ ಇದೇ ಮೆಟ್ಟಿಲು ಹತ್ತಿದ್ದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದು ಮೂರು ಸಲ ಹಿಂದಕ್ಕೆ ಕಳಿಸಿದ್ದರು. ಆ ಅರ್ಜಿಗೆ ಇಂದಿಗೂ ಉತ್ತರವಿಲ್ಲ. ಗ್ರಾಹಕನ 900 ರೂಪಾಯಿ ಇವರ ಕಣ್ಣಿಗೆ ಹಣವೇ ಅಲ್ಲ.

ಸರ್ಕಾರ ಈ ವಸೂಲಿಯನ್ನು ನಿಲ್ಲಿಸಬೇಕು; ನಿಲ್ಲಿಸಲಾಗದಿದ್ದರೆ ಪೆಟ್ಟಿಗೆಯ ಮುಖದ ಮೇಲೆಯೇ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಅದನ್ನು ಅಚ್ಚು ಹಾಕಿಸಬೇಕು. ಸಂಬಂಧಪಟ್ಟವರು ಇನ್ನಾದರೂ ಕುರ್ಚಿಯಿಂದೆದ್ದು ಏನಾದರೂ ಮಾಡಲಿ.

— ನೊಂದ ಗ್ರಾಹಕ, ಕೋಡಿಬಾಗ
ಕಾರವಾರ, 24 ಸೆಪ್ಟೆಂಬರ್ 2012