ಕಾರ್ಡ್ ಕಣ್ಣೆದುರೇ ಇರಲಿ

ಎಲ್ಲರಿಗೂ ನಮಸ್ಕಾರ. ನಿನ್ನೆ ದಾವಣಗೆರೆ ಮಂಡಿಪೇಟೆಯಲ್ಲಿ ಸೀರೆ ಕೊಂಡೆ. ಅಂಗಡಿ ಹುಡುಗ ನನ್ನ ಕಾರ್ಡ್ ಹಿಡಿದು ಒಳಗೆ ಹೊರಟ. ‘ಯಾಕಪ್ಪಾ?’ ಅಂದೆ. ‘ಮಿಷನ್‌ಗೆ ಇಲ್ಲಿ ಸಿಗ್ನಲ್ ಸಿಗಲ್ಲ ಅಕ್ಕಾ.’ ನಾನೂ ಹಿಂದೆಯೇ ಹೋದೆ. ಪಾಪ, ಅವನೇನೂ ಮೋಸಗಾರನಲ್ಲ. ಆದರೂ ಕಾರ್ಡಿನ ನಂಬರು, ಹಿಂದಿರುವ ಮೂರಂಕಿ ಯಾರಾದರೂ ಫೋಟೊ ಹೊಡೆದುಕೊಂಡರೆ ಕಷ್ಟ. ಕೆಲವು ವಿದೇಶಿ ಸೈಟುಗಳು ಒಟಿಪಿ ಕೇಳುವುದೇ ಇಲ್ಲ.

ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವ್ಯವಹಾರ ಆಫ್ ಮಾಡಿಡಿ. ಟ್ಯಾಪ್ (ಕಾರ್ಡನ್ನು ಮಿಷನ್‌ಗೆ ತಾಗಿಸಿ ದುಡ್ಡು ಕೊಡುವುದು) ಬಳಸದವರು ಅದನ್ನೂ ಆಫ್ ಮಾಡಿ. ಅದರಲ್ಲಿ 5,000 ರೂಪಾಯಿವರೆಗೆ ಪಿನ್ ಇಲ್ಲದೆಯೇ ಹೋಗಬಹುದು.

ದುಡ್ಡು ಹೋದರೆ ಮೊದಲು ಕಾರ್ಡ್ ಬ್ಲಾಕ್ ಮಾಡಿಸಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮನೆಯವರು ಬೈತಾರೆ ಅಂತ ಸುಮ್ನೆ ಕೂರಬೇಡಿ.

ಆ್ಯಪ್ ಗೊತ್ತಾಗದವರು ಸಂಜೆ ನಮ್ಮನೆಗೆ ಬನ್ನಿ. ಕಾರ್ಡಿನ ಫೋಟೊ ಮಾತ್ರ ಇಲ್ಲಿ ಹಾಕಬೇಡಿ!