ಸೇತುವೆಗೆ ಹೋಗುವ ಮೊದಲು

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಉದ್ದನೆಯ ಮೆಸೇಜು ಓದಿದೆ. ಫೋನಿನಲ್ಲಿ ಎರಡು ಸಾಲು ಒತ್ತಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಕೂತು ಕಾಗದ ಬರೆಯುತ್ತಿದ್ದೇನೆ. ಕೆಲಸ ಬಿಡುತ್ತೀಯಂತೆ. ಬ್ಯಾಂಡಿನವರಿಗೂ ಇನ್ನು ಬರುವುದಿಲ್ಲ ಅಂದೆಯಂತೆ. ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಸ್ಯಾಕ್ಸೋಫೋನ್ ಸಾಧನೆ ಮಾಡುತ್ತೀಯಂತೆ. ಯಾಕೆ ಅಂದರೆ, "ಸನ್ನಿ ರಾಲಿನ್ಸ್ ಮಾಡಿದ್ದೂ ಅದನ್ನೇ ಅಲ್ವಾ ಮಾವ?" ಅಮೆರಿಕದ ಆ ಜಾಜ್ ಸ್ಯಾಕ್ಸೋಫೋನ್ ವಾದಕರು ಕಚೇರಿ ಬಿಟ್ಟು ಎರಡು ವರ್ಷ ಸೇತುವೆಯ ಮೇಲೆ ಸಾಧನೆ ಮಾಡಿದ ಕಥೆ ನಿನ್ನ ತಲೆಗೆ ಹತ್ತಿದೆ. ನಿಮ್ಮಮ್ಮ ಫೋನ್ ಮಾಡಿದ್ದಳು. "ಅದ್ಯಾವುದೋ ಸನ್ನಿಯಂತೆ, ಇವಳಿಗೂ ಹಿಡಿದಿದೆ" ಅಂತ ರೇಗುತ್ತಿದ್ದಳು.

ಬೇಡ ಅನ್ನುವುದಕ್ಕೆ ನಾನು ಬರೆಯುತ್ತಿಲ್ಲ. ನಮ್ಮ ಕರಾವಳಿಗೆ ಸ್ಯಾಕ್ಸೋಫೋನ್ ಹೊಸದೇನೂ ಅಲ್ಲ. ಕದ್ರಿ ಗೋಪಾಲನಾಥರು ಅದನ್ನು ಕಚೇರಿಗೆ ಒಗ್ಗಿಸಿದ ಮೇಲೆ ದೇವಸ್ಥಾನ, ಮದುವೆಮನೆ ಎಲ್ಲ ಕಡೆ ಕೇಳಿಸುತ್ತದೆ. ನೀನು ಜಾಜ್ ಕಡೆ ಹೋದೆ, ಸಂತೋಷ. ಆದರೆ ರಾಲಿನ್ಸ್ ಹೆಸರು ಹಿಡಿದು ಹೊರಟಿದ್ದೀಯಲ್ಲ, ನಿನಗೆ ಸಿಕ್ಕಿರುವುದು ಸೇತುವೆಯ ಕಥೆ ಮಾತ್ರ. ಅದರ ಹಿಂದೆ ಮುಂದೆ ಇರುವುದನ್ನೂ ಸ್ವಲ್ಪ ಕೇಳು.

ಅವರು ಹುಟ್ಟಿದ್ದು 1930ರ ಸೆಪ್ಟೆಂಬರ್ 7, ನ್ಯೂಯಾರ್ಕಿನಲ್ಲಿ. ಅಪ್ಪ ಅಮ್ಮ ಕೆರಿಬಿಯನ್ ಸಮುದ್ರದ ವರ್ಜಿನ್ ದ್ವೀಪಗಳಿಂದ ಬಂದವರು. ಬೆಳೆದದ್ದು ಅದೇ ಊರಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನಲ್ಲಿ. ಟೆನರ್ ಸ್ಯಾಕ್ಸೋಫೋನಿಗೆ ದೊಡ್ಡ ಹೆಸರಾದ ಕೋಲ್ಮನ್ ಹಾಕಿನ್ಸ್ ಅಲ್ಲೇ ಹತ್ತಿರದಲ್ಲಿದ್ದರು. ಹುಡುಗ ಒಂದು ಫೋಟೋ ಹಿಡಿದುಕೊಂಡು ಅವರ ಬಾಗಿಲಲ್ಲಿ ಕಾದು ಕೂತು ಸಹಿ ಹಾಕಿಸಿಕೊಂಡಿದ್ದನಂತೆ. ಪಿಯಾನೊ ವಾದಕ ತೆಲೋನಿಯಸ್ ಮಾಂಕ್ ಮನೆಗೆ ಹೋಗಿ ಅಭ್ಯಾಸ ಮಾಡುತ್ತಿದ್ದ. ಇನ್ನೂ ಇಪ್ಪತ್ತು ತುಂಬುವ ಮೊದಲೇ, 1949ರಲ್ಲಿ, ಇನ್ನೊಬ್ಬ ಪಿಯಾನೊ ವಾದಕ ಬಡ್ ಪವೆಲ್ ಜೊತೆ ರೆಕಾರ್ಡಿಂಗ್. ಅಂಥ ಬೀದಿಯಲ್ಲಿ ಬೆಳೆಯುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ ಹೇಳು?

ಆಮೇಲೆ ಹೆರಾಯಿನ್ ಬಂತು. ಆ ಕಾಲದ ಜಾಜ್ ಹುಡುಗರಿಗೆ ಸ್ಯಾಕ್ಸೋಫೋನಿನ ಚಾರ್ಲಿ ಪಾರ್ಕರ್ ಅಂದರೆ ದೇವರು. ದೇವರು ತೆಗೆದುಕೊಳ್ಳುತ್ತಾನೆ, ನಾವೂ ತೆಗೆದುಕೊಳ್ಳೋಣ ಅನ್ನುವ ಲೆಕ್ಕ. ರಾಲಿನ್ಸ್ 1950ರಲ್ಲಿ ದರೋಡೆ ಕೇಸಿನಲ್ಲಿ ಸಿಕ್ಕಿಬಿದ್ದು ರೈಕರ್ಸ್ ದ್ವೀಪದ ಜೈಲಿಗೆ ಹೋದರು. ಹತ್ತು ತಿಂಗಳು ಒಳಗಿದ್ದರು. ಬಂದಮೇಲೂ ಚಟ ಬಿಡಲಿಲ್ಲ. 1953ರ ಜನವರಿಯಲ್ಲಿ ಟ್ರಂಪೆಟ್ಟಿನ ಮೈಲ್ಸ್ ಡೇವಿಸ್ ರೆಕಾರ್ಡಿಂಗ್‌ಗೆ ಪಾರ್ಕರ್ ಕೂಡ ಬಂದಿದ್ದರು. "ನೀನು ಬಿಟ್ಟಿದ್ದೀಯಾ?" ಅಂತ ಪಾರ್ಕರ್ ಕೇಳಿದರಂತೆ. ಬಿಟ್ಟಿದ್ದೇನೆ ಅಂತ ರಾಲಿನ್ಸ್ ಸುಳ್ಳು ಹೇಳಿದರು. ಅದೇ ದಿನ ಬೇರೆ ಯಾರದೋ ಬಾಯಲ್ಲಿ ನಿಜ ಹೊರಬಿತ್ತು. ಪಾರ್ಕರ್ ಮುಖ ಇಳಿದದ್ದನ್ನು ರಾಲಿನ್ಸ್ ಮುದುಕರಾದಮೇಲೂ ಹೇಳಿಕೊಳ್ಳುತ್ತಿದ್ದರು. ತನ್ನನ್ನು ನೋಡಿಯೇ ಹುಡುಗರು ಹಾಳಾಗುತ್ತಿದ್ದಾರೆ ಅನ್ನುವ ಸಂಕಟ ಅದು.

1955ರಲ್ಲಿ ಅವರು ತಾವಾಗಿಯೇ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿದ್ದ ಸರ್ಕಾರಿ ಆಸ್ಪತ್ರೆಗೆ ಸೇರಿ ಚಟ ಬಿಡಿಸಿಕೊಂಡರು. ಪೂರ್ತಿ ಗುಣವಾಗಿ ಪಾರ್ಕರ್ ಎದುರು ಹೋಗಿ ನಿಲ್ಲಬೇಕು ಅಂತ ಆಸೆ. ಅದು ಆಗಲೇ ಇಲ್ಲ. ಆ ಮಾರ್ಚಿನಲ್ಲಿ ಪಾರ್ಕರ್ ತೀರಿಕೊಂಡರು, ಮೂವತ್ನಾಲ್ಕಕ್ಕೆ. ರಾಲಿನ್ಸ್ ಶಿಕಾಗೋಗೆ ಬಂದು ಕಸ ಗುಡಿಸುವ ಕೆಲಸ ಹಿಡಿದರು. ಕ್ಲಬ್ಬಿನ ಕಡೆ ತಲೆ ಹಾಕಲಿಲ್ಲ. ಅಲ್ಲಿಗೆ ಹೋದರೆ ಹಳೇ ಸ್ನೇಹಿತರು ಸಿಗುತ್ತಾರೆ, ಮತ್ತೆ ಅದೇ ದಾರಿ. ಗಮನಿಸು ಪುಟ್ಟಿ, ಅವರು ಮೊದಲ ಸಲ ಎಲ್ಲ ಬಿಟ್ಟು ದೂರ ಹೋದದ್ದು ಇದು. ಇದರ ವಿಡಿಯೋವನ್ನು ಯಾರೂ ನಿನಗೆ ಕಳಿಸಿರುವುದಿಲ್ಲ.

ಆ ವರ್ಷದ ಕೊನೆಗೆ ಟ್ರಂಪೆಟ್ಟಿನ ಕ್ಲಿಫರ್ಡ್ ಬ್ರೌನ್ ಮತ್ತು ಡ್ರಮ್ಮಿನ ಮ್ಯಾಕ್ಸ್ ರೋಚ್ ಕಟ್ಟಿದ್ದ ತಂಡಕ್ಕೆ ಸೇರಿದರು. ಬ್ರೌನ್ ಯಾವ ಚಟಕ್ಕೂ ಬೀಳದ ಹುಡುಗ, ನುಡಿಸುವುದರಲ್ಲೋ ಪ್ರಚಂಡ. ಶುದ್ಧವಾಗಿದ್ದೂ ಹೀಗೆ ನುಡಿಸಬಹುದು ಅನ್ನುವುದಕ್ಕೆ ಕಣ್ಣೆದುರಿಗೇ ಸಾಕ್ಷಿ. 1956ರ ಜೂನ್ 26ರಂದು ಬ್ರೌನ್ ಕಾರು ಅಪಘಾತದಲ್ಲಿ ಹೋಗಿಬಿಟ್ಟರು. ಅದಕ್ಕೆ ನಾಲ್ಕೇ ದಿನ ಮೊದಲು, 22ರಂದು, ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ರಾಲಿನ್ಸ್ "ಸ್ಯಾಕ್ಸೋಫೋನ್ ಕೊಲೋಸಸ್" ಧ್ವನಿಮುದ್ರಿಸಿದ್ದರು. ಪಿಯಾನೊ ಟಾಮಿ ಫ್ಲಾನಗನ್, ಬಾಸ್ ಡಗ್ ವಾಟ್ಕಿನ್ಸ್, ಡ್ರಮ್ ಮ್ಯಾಕ್ಸ್ ರೋಚ್.

ಈ ಆಲ್ಬಮ್ಮನ್ನು ನೀನು ಕೇಳಿದ್ದೀಯ, ಗೊತ್ತು. ಆದರೆ ಕೆಲಸ ಮಾಡುತ್ತಾ ಕಿವಿಗೆ ಹಾಕಿಕೊಂಡು ಕೇಳುವುದು ಬೇರೆ. ದೀಪ ಆರಿಸಿ, ಫೋನು ಆಚೆ ಇಟ್ಟು "ಸೇಂಟ್ ಥಾಮಸ್" ಒಂದನ್ನೇ ಹಾಕು. ಅದು ದ್ವೀಪದ ಕಡೆಯ ಹಳೇ ಕುಣಿತದ ಮಟ್ಟು, ಅವರಮ್ಮ ಚಿಕ್ಕಂದಿನಲ್ಲಿ ಹಾಡುತ್ತಿದ್ದದ್ದು. ಮೊದಲು ಡ್ರಮ್ ಒಂದೇ ಬರುತ್ತದೆ. ಆಮೇಲೆ ಮಟ್ಟು. ಅದಾದಮೇಲೆ ರಾಲಿನ್ಸ್ ತಮ್ಮ ಸೋಲೋ ಶುರು ಮಾಡುವುದು ಬರೀ ಎರಡು ಸ್ವರದಿಂದ. ಎರಡೇ ಎರಡು. ಅದನ್ನೇ ಮತ್ತೆ ಇಡುತ್ತಾರೆ. ಜಾಗ ಸ್ವಲ್ಪ ಸರಿಸುತ್ತಾರೆ. ಚೂರು ಉದ್ದ ಮಾಡುತ್ತಾರೆ, ತುಂಡು ಮಾಡುತ್ತಾರೆ. ನಮ್ಮಲ್ಲಿ ನೆರವಲ್ ಮಾಡುವವರು ಒಂದೇ ಸಾಲು ಹಿಡಿದು ಬೆಳೆಸುತ್ತಾರಲ್ಲ, ಆ ಜಾತಿಯ ಬುದ್ಧಿ. ಡ್ರಮ್ ಸೋಲೋ ಮುಗಿದು ಅವರು ವಾಪಸ್ ಬರುವಾಗ ತಾಳದ ನಡೆಯೇ ಬದಲಾಗಿರುತ್ತದೆ, ಕುಣಿತ ಹೋಗಿ ಸ್ವಿಂಗ್, ಅಂದರೆ ಜಾಜಿನ ತೂಗುವ ನಡೆ, ಬಂದಿರುತ್ತದೆ. ಆ ಹೊರಳುವ ಜಾಗ ನನಗೆ ಈಗಲೂ ನಗು ತರಿಸುತ್ತದೆ. ಹಾಸ್ಯಗಾರ ಆ ಮನುಷ್ಯ.

ಕಡೆಯಲ್ಲಿ "ಬ್ಲೂ ಸೆವೆನ್" ಇದೆ, ಹನ್ನೊಂದು ನಿಮಿಷದ ಮೇಲೆ. ಬಾಸ್ ಒಂದೇ ನಡೆಯುತ್ತಾ ಬರುತ್ತದೆ. ರಾಲಿನ್ಸ್ ಅವಸರವೇ ಇಲ್ಲದೆ ಒಳಗೆ ಬರುತ್ತಾರೆ. ಇದೊಂದರ ಮೇಲೆ ಸಂಗೀತಜ್ಞ ಗುಂಥರ್ ಶುಲ್ಲರ್ 1958ರಲ್ಲಿ ದೊಡ್ಡ ಲೇಖನ ಬರೆದರು. ಸಣ್ಣ ತುಣುಕಿನಿಂದ ಇಡೀ ಸೋಲೋ ಹೇಗೆ ಕಟ್ಟಿದ್ದಾರೆ ಅಂತ ಬಿಡಿಸಿ ತೋರಿಸಿದರು. ಹೊಗಳಿಕೆಯೇ ಅದು. ಆದರೆ ಓದಿದಮೇಲೆ ರಾಲಿನ್ಸ್‌ಗೆ ನುಡಿಸುವಾಗೆಲ್ಲ ತನ್ನನ್ನು ತಾನೇ ನೋಡಿಕೊಂಡ ಹಾಗೆ ಆಗತೊಡಗಿತಂತೆ. ತನ್ನ ಬಗ್ಗೆ ಬರೆದದ್ದನ್ನು ಓದುವುದನ್ನೇ ಬಿಟ್ಟರು. ನಿನ್ನ ವಿಡಿಯೋಗಳ ಕೆಳಗಿನ ಕಾಮೆಂಟು ನೀನು ಎಷ್ಟು ಸಲ ತೆಗೆದು ನೋಡುತ್ತೀಯ ಅಂತ ನಾನು ಕೇಳುವುದಿಲ್ಲ.

ಮಿಕ್ಕ ಆಲ್ಬಮ್ಮುಗಳನ್ನು ಬೇಗ ಹೇಳಿಬಿಡುತ್ತೇನೆ. 1956ರ "ಟೆನರ್ ಮ್ಯಾಡ್ನೆಸ್"ನಲ್ಲಿ ಟೆನರ್ ಸ್ಯಾಕ್ಸೋಫೋನಿನ ಇನ್ನೊಬ್ಬ ದೊಡ್ಡವರು ಜಾನ್ ಕೋಲ್ಟ್ರೇನ್ ಜೊತೆ ನುಡಿಸಿದ ಒಂದು ಹಾಡಿದೆ, ಇಬ್ಬರೂ ಒಟ್ಟಿಗೆ ಧ್ವನಿಮುದ್ರಣದಲ್ಲಿ ಸಿಗುವುದು ಅದೊಂದೇ. 1957ರ "ವೇ ಔಟ್ ವೆಸ್ಟ್" ಲಾಸ್ ಏಂಜಲೀಸ್‌ನದು. ಎಲ್ಲರಿಗೂ ಬೇರೆ ಕೆಲಸ ಇದ್ದದ್ದರಿಂದ ಬೆಳಗಿನ ಜಾವ ಮೂರಕ್ಕೆ ಶುರು ಮಾಡಿದ್ದು. ಪಿಯಾನೊ ಇಲ್ಲ. ಬಾಸಿಗೆ ರೇ ಬ್ರೌನ್. ಡ್ರಮ್ಮಿನ ಶೆಲ್ಲಿ ಮ್ಯಾನ್ ಕುದುರೆ ಕಾಲಿನ ಟಕಟಕ ಶಬ್ದ ಹೊರಡಿಸುತ್ತಾರೆ, ಇವರು ಕೌಬಾಯ್ ಹಾಡು ನುಡಿಸುತ್ತಾರೆ. ಹೊದಿಕೆಯ ಮೇಲೆ ಮರುಭೂಮಿ, ಕೌಬಾಯ್ ಟೋಪಿ, ಸೊಂಟದಲ್ಲಿ ಬಂದೂಕಿನ ಚೀಲ. ಜನ ತಮಾಷೆ ಅಂದುಕೊಂಡರು. ಪಿಯಾನೊ ಇಲ್ಲದೆ ಸ್ವರದ ಆಧಾರ ಪೂರ್ತಿ ತಾನೇ ಹೊರುವುದು ತಮಾಷೆಯಲ್ಲ, ನೀನೇ ಒಂದು ದಿನ ಪ್ರಯತ್ನಿಸಿ ನೋಡು. ಅದೇ ವರ್ಷದ ನವೆಂಬರ್ 3ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಅನ್ನುವ ನೆಲಮಾಳಿಗೆ ಕ್ಲಬ್ಬಿನಲ್ಲಿ ಜನರೆದುರು ಮಾಡಿದ ರೆಕಾರ್ಡಿಂಗ್ ನನ್ನ ಲೆಕ್ಕದಲ್ಲಿ ಅವರ ಶಿಖರ. ರಾತ್ರಿ ಕಚೇರಿಯಲ್ಲಿ ಎಲ್ವಿನ್ ಜೋನ್ಸ್ ಡ್ರಮ್ ಇದೆ. ಕೊಲೋಸಸ್‌ಗಿಂತ ಇದೇ ಮೇಲು ಅಂತ ನನ್ನ ವಾದ, ನೀನು ಒಪ್ಪಬೇಕಾಗಿಲ್ಲ.

1958ರ "ಫ್ರೀಡಮ್ ಸೂಟ್" ಹತ್ತೊಂಬತ್ತು ನಿಮಿಷದ ಒಂದೇ ರಚನೆ. ಇಷ್ಟೆಲ್ಲ ಹೆಸರು ಬಂದಮೇಲೂ ಕಪ್ಪು ಜನ ಅನ್ನುವ ಕಾರಣಕ್ಕೆ ಅವರಿಗೆ ಬಾಡಿಗೆ ಮನೆ ಸಿಗುವುದು ಕಷ್ಟವಾಗಿತ್ತು. ಅಮೆರಿಕದ ಹಾಡು, ಹಾಸ್ಯ, ಮಾತು ಎಲ್ಲವೂ ಯಾರಿಂದ ಬಂತೋ ಅವರನ್ನೇ ತುಳಿಯುತ್ತಿದ್ದೀರಲ್ಲ ಅಂತ ಆಲ್ಬಮ್ಮಿನ ಹೊದಿಕೆಯ ಮೇಲೇ ಬರೆದರು.

ಈಗ ನಿನ್ನ ಸೇತುವೆಗೆ ಬರೋಣ. 1959. ಕೈತುಂಬ ಕೆಲಸ, ಬಾಯ್ತುಂಬ ಹೊಗಳಿಕೆ. ಜನ ತನ್ನ ಬಗ್ಗೆ ಹೇಳುವುದು ಜಾಸ್ತಿಯಾಯಿತು, ತಾನು ಅಷ್ಟು ನುಡಿಸುತ್ತಿಲ್ಲ ಅಂತ ಅವರಿಗೇ ಅನ್ನಿಸಿತು. ನಿಲ್ಲಿಸಿಬಿಟ್ಟರು. ಮ್ಯಾನ್‌ಹ್ಯಾಟನ್‌ನ ಗ್ರ್ಯಾಂಡ್ ಸ್ಟ್ರೀಟಿನಲ್ಲಿ ಸಣ್ಣ ಮನೆ. ಅದೇ ಕಟ್ಟಡದಲ್ಲಿ ಒಬ್ಬ ಡ್ರಮ್ ನುಡಿಸುವವರ ಹೆಂಡತಿ ತುಂಬು ಬಸುರಿ. ಅವರಿಗೆ ತೊಂದರೆ ಕೊಡುವುದು ಹೇಗೆ? ನಡೆದು ಹೋಗುವಾಗ ಹತ್ತಿರದ ವಿಲಿಯಮ್ಸ್‌ಬರ್ಗ್ ಸೇತುವೆಯ ಮೆಟ್ಟಿಲು ಕಂಡಿತು. ಮೇಲೆ ಹತ್ತಿದರು. ಪಕ್ಕದಲ್ಲಿ ರೈಲು, ಕೆಳಗೆ ನದಿ, ದೋಣಿಗಳ ಹಾರ್ನು. ಎಷ್ಟು ಜೋರಾಗಿ ಊದಿದರೂ ಕೇಳುವವರಿಲ್ಲ. ಒಮ್ಮೊಮ್ಮೆ ದಿನಕ್ಕೆ ಹದಿನೈದು ಗಂಟೆಯವರೆಗೆ ನುಡಿಸುತ್ತಿದ್ದರಂತೆ. ಚಳಿಗಾಲದಲ್ಲೂ.

ನಿನಗೆ ಯಾರೂ ಹೇಳದ ಎರಡು ವಿಷಯ ಹೇಳುತ್ತೇನೆ. ಅಲ್ಲಿ ಅವರು ಯಾವಾಗಲೂ ಒಬ್ಬರೇ ಇರುತ್ತಿರಲಿಲ್ಲ. ಸೊಪ್ರಾನೊ ಸ್ಯಾಕ್ಸೋಫೋನಿನ ಸ್ಟೀವ್ ಲೇಸಿ ಆಗಾಗ ಜೊತೆಗೆ ಬರುತ್ತಿದ್ದರು. ಇನ್ನೊಂದು, ಮುಂದೆ ಅವರನ್ನು ಮದುವೆಯಾದ ಲುಸಿಲ್ ಆ ದಿನಗಳಲ್ಲಿ ಕೆಲಸಕ್ಕೆ ಹೋಗಿ ದುಡಿದು ತರುತ್ತಿದ್ದರು. ಸೇತುವೆಯ ಫೋಟೋಗಳಲ್ಲಿ ಲುಸಿಲ್ ಕಾಣುವುದಿಲ್ಲ. ಬಾಡಿಗೆ ಕಟ್ಟಿದವರನ್ನು ಕಥೆ ಹೇಳುವವರು ಮರೆತುಬಿಡುತ್ತಾರೆ. ನೀನು ಮರೆಯಬೇಡ. ಆಮೇಲೆ ಅವರ ಮ್ಯಾನೇಜರ್ ಆಗಿ, ಆಲ್ಬಮ್ಮುಗಳ ನಿರ್ಮಾಪಕಿಯಾಗಿ 2004ರಲ್ಲಿ ತೀರಿಕೊಳ್ಳುವವರೆಗೂ ಲೆಕ್ಕ ಪತ್ರ ನೋಡಿಕೊಂಡದ್ದು ಅವರೇ.

1961ರ ಕೊನೆಗೆ ರಾಲಿನ್ಸ್ ವಾಪಸ್ ಬಂದರು. ಅಷ್ಟರಲ್ಲಿ ಜಾಜ್ ಸುಮ್ನೆ ಕೂತಿರಲಿಲ್ಲ. ಸ್ಯಾಕ್ಸೋಫೋನಿನ ಆರ್ನೆಟ್ ಕೋಲ್ಮನ್ ನ್ಯೂಯಾರ್ಕಿಗೆ ಬಂದು ಎಲ್ಲರ ತಲೆ ತಿರುಗಿಸಿದ್ದರು. ಕೋಲ್ಟ್ರೇನ್ ನುಡಿಸುವುದರಲ್ಲಿ ಎಲ್ಲೋ ಮುಂದೆ ಹೋಗಿಬಿಟ್ಟಿದ್ದರು. ಎರಡು ವರ್ಷ ತಪಸ್ಸು ಮಾಡಿದವರು ಏನೋ ಕಂಡುಕೇಳರಿಯದ್ದನ್ನು ತರುತ್ತಾರೆ ಅಂತ ಜನ ಕಾದರು. ಅವರು 1962ರಲ್ಲಿ ಕೊಟ್ಟದ್ದು "ದಿ ಬ್ರಿಡ್ಜ್". ಜಿಮ್ ಹಾಲ್ ಗಿಟಾರಿನ ಜೊತೆ, ಆರರಲ್ಲಿ ನಾಲ್ಕು ಹಳೇ ಹಾಡುಗಳು. ಇಷ್ಟಕ್ಕೇನಾ ಹೋಗಿದ್ದು ಅಂತ ಕೆಲವರು ಮೂಗು ಮುರಿದರು. "ವಿದೌಟ್ ಎ ಸಾಂಗ್" ಕೇಳು, ಹೋಗಿದ್ದು ಏಕೆ ಅಂತ ತಿಳಿಯುತ್ತದೆ. ಒಂದೊಂದು ಸ್ವರದ ಬುಡವೂ ಗಟ್ಟಿ. ಜಗತ್ತಿಗೆ ಅಚ್ಚರಿ ಹುಟ್ಟಿಸಲು ಅವರು ಸೇತುವೆ ಹತ್ತಿರಲಿಲ್ಲ. ತಮ್ಮ ಕಿವಿಗೆ ಕೇಳಿಸುತ್ತಿದ್ದ ಕೊರತೆ ತುಂಬಿಕೊಳ್ಳಲು ಹತ್ತಿದ್ದರು. ಕೊರತೆ ತುಂಬಿದರೆ ಅದು ಬೇರೆಯವರಿಗೆ ಕಾಣಲೇಬೇಕು ಅಂತೇನೂ ಇಲ್ಲ.

ಅರವತ್ತರ ದಶಕದ ಕೊನೆಗೆ ಮತ್ತೊಂದು ಸಲ ಬಿಟ್ಟು ಹೊರಟರು. ಆಗ ಬಂದದ್ದು ನಮ್ಮ ದೇಶಕ್ಕೇ. ಮುಂಬಯಿಯ ಪೊವಾಯಿಯಲ್ಲಿ ಒಂದು ಆಶ್ರಮದಲ್ಲಿ ತಿಂಗಳುಗಟ್ಟಲೆ ಇದ್ದು ಯೋಗ, ವೇದಾಂತ ಕಲಿತರು. ಕಣ್ಣು ಮುಚ್ಚಿ ಕೂತರೆ ಮನಸ್ಸು ನಿಲ್ಲುವುದಿಲ್ಲ ಅಂತ ಅಲ್ಲಿನ ಸ್ವಾಮಿಗಳ ಹತ್ತಿರ ಹೇಳಿಕೊಂಡರಂತೆ. ನೀನು ನುಡಿಸುವುದೇ ಧ್ಯಾನ, ಅದನ್ನೇ ಮಾಡು ಅಂದರಂತೆ ಅವರು. 1972ರಲ್ಲಿ ಹೊಸ ಆಲ್ಬಮ್ಮಿನೊಂದಿಗೆ ಮರಳಿದರು.

ಆಮೇಲಿನದು ಉದ್ದ ಇದೆ, ಒಂದೇ ಒಂದು ಹೇಳಿ ಬಿಡುತ್ತೇನೆ. 2001ರ ಸೆಪ್ಟೆಂಬರ್ 11ರಂದು ಅವರು ಅವಳಿ ಗೋಪುರಗಳಿಂದ ಕೆಲವೇ ಬೀದಿ ಆಚೆ ಇದ್ದರು. ಮನೆ ಖಾಲಿ ಮಾಡಿಸಿದಾಗ ಕೈಯಲ್ಲಿ ಹಿಡಿದು ಬಂದದ್ದು ಸ್ಯಾಕ್ಸೋಫೋನ್. ನಾಲ್ಕು ದಿನಕ್ಕೆ ಬಾಸ್ಟನ್‌ನಲ್ಲಿ ಕಚೇರಿ ಇತ್ತು. ರದ್ದು ಮಾಡೋಣ ಅಂದರು. ಹೊರಡಿಸಿದ್ದು ಲುಸಿಲ್. ಆ ಕಚೇರಿಯ ರೆಕಾರ್ಡಿಂಗ್ ನಂತರ ಆಲ್ಬಮ್ ಆಗಿ ಬಂತು, ಅದರ ಒಂದು ಸೋಲೋಗೆ 2006ರಲ್ಲಿ ಗ್ರ್ಯಾಮಿ ಸಿಕ್ಕಿತು. ಶ್ವಾಸಕೋಶದ ಕಾಯಿಲೆಯಿಂದ 2012ರ ನಂತರ ಜನರೆದುರು ನುಡಿಸಲಾಗಲಿಲ್ಲ.

ಈಗ ನನ್ನ ಮಾತು. ರಾಜೀನಾಮೆಯನ್ನು ಸದ್ಯಕ್ಕೆ ಕಳಿಸಬೇಡ. ಮೊದಲು ನಿನ್ನ ನುಡಿಸಾಣಿಕೆಯಲ್ಲಿ ಏನು ಕೊರತೆ ಅಂತ ಒಂದು ಹಾಳೆಯಲ್ಲಿ ಬರೆ. "ಇನ್ನೂ ಚೆನ್ನಾಗಿ ನುಡಿಸಬೇಕು" ಅಂತ ಬರೆದರೆ ಹರಿದು ಹಾಕು ಮಾರಾಯ್ತಿ. ಕೆಳಗಿನ ಸ್ವರದಲ್ಲಿ ಉಸಿರು ಸಾಲದು, ಪಿಯಾನೊ ನಿಂತರೆ ದಾರಿ ತಪ್ಪುತ್ತದೆ, ಹೀಗೆ ಹೆಸರಿಟ್ಟು ಬರೆ. ಆಮೇಲೆ ಎರಡು ವರ್ಷ ನಿನ್ನ ಲುಸಿಲ್ ಯಾರು ಅಂತ ಬರೆ. ನಿಮ್ಮಪ್ಪ ಆದರೆ ಅವರಿಗೆ ಮೊದಲೇ ಹೇಳಬೇಕು. ಕೂಡಿಟ್ಟ ದುಡ್ಡು ಆದರೆ ತಿಂಗಳ ಲೆಕ್ಕ ಹಾಕು. ಬ್ಯಾಂಡಿನಲ್ಲಿ ಯಾರ ಕಿವಿ ನಿನಗಿಂತ ಚುರುಕೋ ಅವರೊಬ್ಬರನ್ನು ಬಿಡಬೇಡ, ವಾರಕ್ಕೊಮ್ಮೆ ಎದುರು ಕೂತು ನುಡಿಸು. ಪಿಜಿಯಲ್ಲಿ ಊದಿದರೆ ಬೈತಾರೆ ಅಂದೆಯಲ್ಲ, ಬೆಳಿಗ್ಗೆ ಬೇಗ ಗಾಡಿ ತೆಗೆದುಕೊಂಡು ಊರಾಚೆ ಯಾವುದಾದರೂ ಕೆರೆ ಏರಿಗೆ ಹೋಗು. ಆಫೀಸಿಗೆ ಹೋಗುತ್ತಲೇ ಮೂರು ತಿಂಗಳು ಅಷ್ಟು ಮಾಡಿ ನೋಡು.

ಹಾಳೆ ತುಂಬಿದ ದಿನ ಫೋಟೋ ತೆಗೆದು ಕಳಿಸು. ಅದು ಸರಿಯಿದ್ದರೆ ನಿಮ್ಮಪ್ಪನ ಹತ್ತಿರ ನಾನೇ ಮಾತಾಡುತ್ತೇನೆ, ನಿನ್ನ ಎರಡು ವರ್ಷದಲ್ಲಿ ಆರು ತಿಂಗಳ ಬಾಡಿಗೆ ನನ್ನದು. ಅತ್ತೆಗೆ ಈಗಲೇ ಹೇಳಬೇಡ.

ಇಂತಿ,
ನಿನ್ನ ಮಾವ