ಮಡಿಕೆಚೂರು ಸಿಕ್ಕ ಜಾಗವನ್ನು ಬರೆದಿಡಿಸಿ: ಶಾಸಕರಿಗೊಂದು ಬಹಿರಂಗ ಪತ್ರ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ತಿರುಮಕೂಡಲು ನರಸೀಪುರದ ಬಳಿಯ ಹಳ್ಳಿಯೊಂದರ ನಿವೃತ್ತ ಭೂಮಾಪಕನ ನಮಸ್ಕಾರಗಳು.

ಕಳೆದ ಬೇಸಿಗೆಯಲ್ಲಿ ರಸ್ತೆಗೆ ಮಣ್ಣು ಬೇಕೆಂದು ನಮ್ಮೂರ ಹೊಳೆದಂಡೆಯ ದಿಬ್ಬವೊಂದನ್ನು ಜೆಸಿಬಿಯಿಂದ ಬಗೆದು ಟಿಪ್ಪರುಗಳಲ್ಲಿ ಸಾಗಿಸಿದರು. ಕಡಿದ ಮಣ್ಣಿನ ಗೋಡೆಯಲ್ಲಿ, ನೆಲದಿಂದ ಮೊಳದಷ್ಟು ಕೆಳಗೆ, ಬೂದಿಬಣ್ಣದ ತೆಳು ಪದರವೊಂದು ಕಂಡಿತು. ಅದಕ್ಕೆ ಕಚ್ಚಿಕೊಂಡಂತೆ ಮಡಿಕೆಯ ಕಂಠದ ಚೂರು, ಒಳಗೆ ಕಪ್ಪು, ಹೊರಗೆ ಕೆಂಪು. ಊರಿನ ಹುಡುಗನೊಬ್ಬ ಅಂಥವನ್ನು ಯೂರಿಯಾ ಚೀಲದ ತುಂಬ ಆರಿಸಿ ತಂದು, ‘ಮ್ಯೂಸಿಯಂಗೆ ಕೊಡೋಣವಾ ಸಾರ್?’ ಎಂದು ಕೇಳಿದ. ಅವನ ಕಾಳಜಿಯನ್ನು ಮೆಚ್ಚಿದೆನಾದರೂ, ಆ ಚೂರುಗಳು ಹೇಳಬಹುದಾಗಿದ್ದ ಬಹುಪಾಲು ಸಂಗತಿ ಚೀಲ ಸೇರುವಷ್ಟರಲ್ಲೇ ಅಳಿಸಿಹೋಗಿತ್ತು.

ಇದನ್ನು ನನ್ನ ಕಸುಬಿನ ಮಾತಿನಲ್ಲೇ ಹೇಳುತ್ತೇನೆ. ಬಾಂದುಕಲ್ಲು ತನ್ನ ಜಾಗದಲ್ಲಿ ನಿಂತಿರುವಷ್ಟು ದಿನ ಎರಡು ಜಮೀನುಗಳ ವ್ಯಾಜ್ಯ ತೀರಿಸಬಲ್ಲದು; ಕಿತ್ತು ಮನೆಗೆ ತಂದರೆ ಅದು ಬಟ್ಟೆ ಒಗೆಯುವ ಕಲ್ಲು. ಪುರಾತತ್ವಜ್ಞರು ವಸ್ತುವನ್ನು ನೋಡುವುದೂ ಹೀಗೆಯೇ. ಅದು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ, ಹೇಗೆ ಬಿದ್ದಿತ್ತು ಎಂಬುದರಿಂದಲೇ ಅದನ್ನು ಮಾಡಿದವರ, ಬಳಸಿದವರ, ಎಸೆದವರ ಬದುಕನ್ನು ಅವರು ಊಹಿಸುತ್ತಾರೆ. ಕಪ್ಪು-ಕೆಂಪು ಮಡಿಕೆಯನ್ನೇ ನೋಡಿ: ಬೋರಲು ಹಾಕಿ ಸುಟ್ಟಾಗ ಗಾಳಿ ತಗುಲದ ಒಳಮೈ ಕಪ್ಪಾಗಿ, ಹೊರಮೈ ಕೆಂಪಾಗುತ್ತದೆಂದು ವಿದ್ವಾಂಸರು ವಿವರಿಸುತ್ತಾರೆ, ಬೆಂಕಿಯ ಹದ ಬಲ್ಲ ಕೈಗಳು ಇಲ್ಲಿದ್ದವು ಎಂಬುದಕ್ಕೆ ಆ ಬಣ್ಣವೇ ಸಾಕ್ಷಿ.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್ ಅವರು ನಯಗೊಳಿಸಿದ ಕಲ್ಲುಕೊಡಲಿಗಳ ಕಾಲ ಕೆಳಗೆ, ಕಬ್ಬಿಣ ಬಳಸಿದ ಬೃಹತ್ ಶಿಲಾಸಮಾಧಿಗಳ ಕಾಲ ಅದರ ಮೇಲೆ ಎಂದು ಪದರಗಳ ಸರಣಿಯನ್ನು ಗುರುತಿಸಿದರು. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಕಾಲ ಗೊತ್ತಿದ್ದ ರೋಮನ್ ವ್ಯಾಪಾರದ ವಸ್ತುಗಳ ಜೊತೆ ದೊರೆತಿದ್ದಂಥದೇ ಮಡಿಕೆಚೂರುಗಳು ಬ್ರಹ್ಮಗಿರಿಯಲ್ಲಿ ಇವೆರಡಕ್ಕೂ ಮೇಲಿನ ಪದರದಲ್ಲೂ ಸಿಕ್ಕಿದ್ದರಿಂದ ಆ ಪದರಕ್ಕೆ ಕಾಲ ಕಟ್ಟಲು ಅವರಿಗೆ ಸಾಧ್ಯವಾಯಿತು. ಅವೇ ಚೂರುಗಳು ಯಾರದೋ ಚೀಲದಲ್ಲಿದ್ದಿದ್ದರೆ ಏನು ಸಾಬೀತಾಗುತ್ತಿತ್ತು?

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. 1960ರ ಆಸುಪಾಸಿನಲ್ಲಿ ಪ್ರೊ. ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ನಮ್ಮ ನರಸೀಪುರದಲ್ಲೇ ನಡೆದ ಉತ್ಖನನದಲ್ಲಿ ನವಶಿಲಾಯುಗದ, ಅಂದರೆ ನಯಗೊಳಿಸಿದ ಕಲ್ಲುಕೊಡಲಿಗಳ ಕಾಲದ, ನೆಲೆ ಪತ್ತೆಯಾಯಿತು. ಅಲ್ಲಿ ಸಿಕ್ಕವುಗಳಲ್ಲಿ ಸುಟ್ಟ ಮಣ್ಣಿನ ತಲೆದಿಂಬೂ ಒಂದು. ಮಲಗುವಾಗ ತಲೆಗೊಂದು ಆಸರೆ ಬೇಕೆಂದು ಮಣ್ಣು ಮಿದ್ದು ಸುಟ್ಟವರು ಕಾವೇರಿ-ಕಪಿಲೆಯರ ಈ ಸಂಗಮದಲ್ಲಿದ್ದರು ಎಂದು ಓದಿದಾಗ ನನಗೆ ಯಾವ ಶಾಸನ ಓದಿದಾಗಲೂ ಆಗದಷ್ಟು ರೋಮಾಂಚನವಾಯಿತು. ಚಿನ್ನದ ನಿಧಿ ಸಿಕ್ಕಿದ್ದರೆ ಊರಿಗೆ ಊರೇ ಕಾವಲು ನಿಲ್ಲುತ್ತಿತ್ತು ಎಂಬುದು ಬೇರೆ ಮಾತು.

ಕಾಮಗಾರಿಗಳನ್ನು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ನಾಲೆ, ರಸ್ತೆ, ಬಡಾವಣೆಗಾಗಿ ಹೊಳೆದಂಡೆಯ ದಿಬ್ಬಗಳನ್ನು ಅಗೆಯುವ ಮೊದಲು ತಜ್ಞರೊಬ್ಬರು ಬಂದು ನೋಡಿ, ಸರ್ವೆ ನಂಬರು, ಆಳ, ಪದರಗಳ ಸಮೇತ ನಕ್ಷೆ ಮತ್ತು ಛಾಯಾಚಿತ್ರಗಳನ್ನು ದಾಖಲಿಸುವ ಷರತ್ತನ್ನು ಕಾಮಗಾರಿಯ ಆದೇಶದಲ್ಲೇ ಸೇರಿಸುವಂತೆ ತಾವು ಒತ್ತಾಯಿಸಬೇಕು. 1885ರಲ್ಲಿ ಆರಂಭವಾದ ಪುರಾತತ್ವ ಇಲಾಖೆಯ ಪರಂಪರೆಯುಳ್ಳ ಮೈಸೂರು ಇಲ್ಲಿಗೆ ಹತ್ತಿರವೇ ಇದೆ. ತಜ್ಞರನ್ನು ಬಹಳ ದೂರದಿಂದ ಕರೆಸಬೇಕಿಲ್ಲ.

ನಮ್ಮ ದಿಬ್ಬದ ಅರ್ಧ ಭಾಗ ಇನ್ನೂ ಹಾಗೆಯೇ ಉಳಿದಿದೆ. ಅದರ ಅಳತೆ ಹಿಡಿದು ಕೈನಕ್ಷೆ ತಯಾರಿಸಿಟ್ಟಿದ್ದೇನೆ. ಮುಂಗಾರಿಗೆ ಆ ಮಣ್ಣಿನ ಗೋಡೆ ಕುಸಿಯುವುದರೊಳಗೆ ತಾವು ಯಾರನ್ನಾದರೂ ಕಳುಹಿಸಿದರೆ ಜೊತೆಗೆ ನಿಂತು ತೋರಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಭೂಮಾಪಕ, ಮೈಸೂರು ಜಿಲ್ಲೆ